ನಮ್ಮ ಓಣಿಯ ನಕ್ಷೆಯನ್ನು ನಾವೇ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೊಳಗೇರಿಗಳಲ್ಲಿ ನಿವಾಸಿಗಳೊಂದಿಗೆ ಕುಳಿತು ನಕ್ಷೆ ಬರೆಯುವಾಗ ನಮ್ಮ ಸಣ್ಣ ತಂಡಕ್ಕೆ ಎದುರಾದ ಪ್ರಶ್ನೆಗಳು ಇವು. ಹೆಚ್ಚಿನವನ್ನು ಓಣಿಯವರೇ ಕೇಳಿದ್ದಾರೆ. ಕೆಲವನ್ನು ಕಾಲೇಜು ವಿದ್ಯಾರ್ಥಿಗಳು, ಒಂದೆರಡನ್ನು ಅಧಿಕಾರಿಗಳು ಕೇಳಿದ್ದಾರೆ.

ಸಹಭಾಗಿ ನಕ್ಷೆ ಎಂದರೇನು?

ಒಂದು ವಸತಿಯ ಮನೆ, ಓಣಿ, ನಳ, ಗಟಾರ, ಸಂಡಾಸ, ಗುಡಿ, ದರ್ಗಾಗಳನ್ನು ಅಲ್ಲಿ ವಾಸಿಸುವವರೇ ಗುರುತಿಸಿ, ಅಳೆದು, ತಮ್ಮತಮ್ಮಲ್ಲಿ ಚರ್ಚಿಸಿ ಒಪ್ಪಿಕೊಂಡು ಬರೆದ ನಕ್ಷೆಗೆ ಸಹಭಾಗಿ ನಕ್ಷೆ ಎನ್ನುತ್ತಾರೆ. ಹೊರಗಿನಿಂದ ಬಂದವರು ಟೇಪು ಹಿಡಿಯಬಹುದು, ಕಂಪ್ಯೂಟರಿನಲ್ಲಿ ಗೆರೆ ಎಳೆದುಕೊಡಬಹುದು. ಆದರೆ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು, ಯಾವ ಓಣಿಯನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬ ತೀರ್ಮಾನ ಓಣಿಯವರದೇ ಆಗಿರಬೇಕು. ಸಮೀಕ್ಷೆಗೆ ಬಂದವರು ಬಾಗಿಲಲ್ಲಿ ನಿಂತು ಹತ್ತು ಪ್ರಶ್ನೆ ಕೇಳಿ ಹೋಗಿ, ಆರು ತಿಂಗಳ ನಂತರ ಬೆಂಗಳೂರಿನಲ್ಲಿ ಒಂದು ನಕ್ಷೆ ಮುದ್ರಿಸಿದರೆ ಅದನ್ನು ಈ ಹೆಸರಿನಿಂದ ಕರೆಯಲಾಗದು, ಅದರ ಮುಖಪುಟದಲ್ಲಿ ಎಷ್ಟೇ ನಿವಾಸಿಗಳ ಭಾವಚಿತ್ರಗಳಿದ್ದರೂ.

ಈ ವಿಧಾನ ಎಲ್ಲಿಂದ ಬಂದಿತು?

ಇದರ ಬೇರು ಹಳ್ಳಿಯಲ್ಲಿದೆ. 1990ರ ಆಸುಪಾಸಿನಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡದಂತಹ ಗ್ರಾಮಾಭಿವೃದ್ಧಿ ಸಂಸ್ಥೆಗಳು ರೈತರನ್ನೂ ಕೂಲಿಕಾರರನ್ನೂ ಸೇರಿಸಿ ನೆಲದ ಮೇಲೆ ರಂಗೋಲಿ ಹುಡಿ, ಕಲ್ಲು, ಬೀಜಗಳಿಂದ ಊರಿನ ನಕ್ಷೆ ಬಿಡಿಸುವ ಪದ್ಧತಿಯನ್ನು ಬೆಳೆಸಿದವು. ನಗರದ ಕಡೆಯಿಂದ ಬಂದ ಇನ್ನೊಂದು ಎಳೆ ಮುಂಬಯಿಯದು. 1985ರಲ್ಲಿ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು ಪಾದಚಾರಿ ಮಾರ್ಗದ ಗುಡಿಸಲುಗಳನ್ನು ತೆರವುಗೊಳಿಸುವ ಭಯ ಆವರಿಸಿದ್ದಾಗ, ಅದರ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಸ್ಪಾರ್ಕ್ ಸಂಸ್ಥೆ ಆ ನಿವಾಸಿಗಳೊಂದಿಗೇ ಸೇರಿ ಸುಮಾರು 6,000 ಕುಟುಂಬಗಳನ್ನು ಎಣಿಸಿತು. ಮುಂದೆ ನೈರೋಬಿಯ ಕಿಬೇರಾದಲ್ಲಿ, 2009ರಲ್ಲಿ, ಅಲ್ಲಿನ ಯುವಕ ಯುವತಿಯರು ಜಿಪಿಎಸ್ ಯಂತ್ರ ಹಿಡಿದು ಓಡಾಡಿ ತಮ್ಮ ವಸತಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಅಂತರ್ಜಾಲದ ಮುಕ್ತ ನಕ್ಷೆ) ಮೂಡಿಸಿದರು. ಅಲ್ಲಿಯವರೆಗೆ ಎಷ್ಟೋ ನಕ್ಷೆಗಳಲ್ಲಿ ಆ ಜಾಗ ಬರೀ ಖಾಲಿ ಬಯಲಿನಂತೆ ಕಾಣುತ್ತಿತ್ತು.

ಗೂಗಲ್ ನಕ್ಷೆಯಿದೆ, ಸಿಟಿ ಸರ್ವೆ ನಕ್ಷೆಯಿದೆ. ಮತ್ತೊಂದು ಏಕೆ?

ಸಿಟಿ ಸರ್ವೆ ನಕ್ಷೆ ಆಸ್ತಿಯ ಗಡಿಯನ್ನು ಹೇಳುತ್ತದೆ, ವಾಸವನ್ನು ಹೇಳುವುದಿಲ್ಲ. ಒಂದೇ ಸರ್ವೆ ನಂಬರಿನೊಳಗೆ ಎರಡು ನೂರು ಮನೆಗಳಿದ್ದರೂ ಉತಾರದಲ್ಲಿ (ಆಸ್ತಿಯ ಒಡೆತನ ತೋರಿಸುವ ದಾಖಲೆ) ಕಾಣುವುದು ಒಬ್ಬರ ಹೆಸರು, ಇಲ್ಲವೇ ‘ಸರಕಾರ’ ಎಂಬ ಒಂದು ಪದ. ಉಪಗ್ರಹ ಚಿತ್ರದಲ್ಲಿ ಒಂದಕ್ಕೊಂದು ತಾಗಿದ ಪತ್ರಾಸಿನ ಚಾವಣಿಗಳು ಒಂದೇ ಉದ್ದನೆಯ ಕಟ್ಟಡದಂತೆ ತೋರುತ್ತವೆ. ಅವುಗಳ ಕೆಳಗೆ ಎಷ್ಟು ಒಲೆಗಳಿವೆ ಎಂಬುದು ಮೇಲಿನಿಂದ ತಿಳಿಯದು. ನಳದಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ, ಯಾವ ಬೀದಿ ದೀಪ ಕಂಬದಲ್ಲಿದ್ದೂ ಉರಿಯುವುದಿಲ್ಲ, ಯಾವ ಸಂದಿಯಲ್ಲಿ ಸಂಜೆ ಏಳರ ಮೇಲೆ ಹೆಣ್ಣುಮಕ್ಕಳು ಹಾಯುವುದಿಲ್ಲ ಎಂಬುದನ್ನು ಯಾವ ಉಪಗ್ರಹವೂ ಹೇಳಲಾರದು.

‘ಕೊಳಗೇರಿ’ ಎಂದು ನಿರ್ಧರಿಸುವವರು ಯಾರು?

ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು, ಏಕೆಂದರೆ ಒಂದೇ ವಸತಿ ಒಂದು ಇಲಾಖೆಯ ಲೆಕ್ಕದಲ್ಲಿ ಕೊಳಗೇರಿಯಾಗಿ, ಇನ್ನೊಂದರ ಲೆಕ್ಕದಲ್ಲಿ ಇಲ್ಲವೇ ಇಲ್ಲದ ಜಾಗವಾಗಿ ಇರಬಹುದು. ಕರ್ನಾಟಕ ಕೊಳಚೆ ಪ್ರದೇಶಗಳ (ಅಭಿವೃದ್ಧಿ ಮತ್ತು ನಿರ್ಮೂಲನ) ಕಾಯ್ದೆ, 1973ರ 3ನೇ ಕಲಮಿನ ಪ್ರಕಾರ, ತಗ್ಗು, ಅನೈರ್ಮಲ್ಯ, ಇಕ್ಕಟ್ಟು ಮುಂತಾದ ಕಾರಣಗಳಿಂದ ಆರೋಗ್ಯಕ್ಕೂ ಸುರಕ್ಷತೆಗೂ ಅಪಾಯಕಾರಿಯಾದ ಪ್ರದೇಶವನ್ನು ಕೊಳಚೆ ಪ್ರದೇಶವೆಂದು ಅಧಿಸೂಚನೆಯ ಮೂಲಕ ಘೋಷಿಸಬಹುದು. ಈ ಘೋಷಣೆಯಾದ ವಸತಿಗಳ ಹೊಣೆ ಕೊಳಗೇರಿ ಅಭಿವೃದ್ಧಿ ಮಂಡಳಿಯದು. 2011ರ ಜನಗಣತಿಯಾದರೋ ಘೋಷಿತ, ಮಾನ್ಯ, ಗುರುತಿಸಲ್ಪಟ್ಟ ಎಂದು ಮೂರು ಬಗೆ ಮಾಡಿ, ಮೂರನೆಯದಕ್ಕೆ ಕನಿಷ್ಠ 300 ಜನ ಅಥವಾ 60ರಿಂದ 70 ಮನೆಗಳಿರಬೇಕು ಎಂಬ ಅಳತೆ ಇಟ್ಟಿತು. ರಾಷ್ಟ್ರೀಯ ಮಾದರಿ ಸಮೀಕ್ಷೆಗೆ 20 ಮನೆಗಳಿದ್ದರೂ ಸಾಕು.

ಈಗ ನಾಲಾದ ದಂಡೆಯ ಮೇಲಿರುವ 35 ಮನೆಗಳ ಒಂದು ಓಣಿಯನ್ನು ನೆನೆಯಿರಿ. ಅದಕ್ಕೆ ಅಧಿಸೂಚನೆಯಾಗಿಲ್ಲ, ಜನಗಣತಿಯ ಅಳತೆಗೆ ಅದು ಚಿಕ್ಕದು, ಮಾದರಿ ಸಮೀಕ್ಷೆಯ ವ್ಯಾಖ್ಯೆಗೆ ಹೊಂದುತ್ತದಾದರೂ ಆ ಸಮೀಕ್ಷೆ ಎಲ್ಲ ಕಡೆಗೂ ಹೋಗುವುದಿಲ್ಲ. ಹೀಗೆ ಮೂರು ಜರಡಿಗಳಿಂದಲೂ ಸೋರಿಹೋಗುವ ಓಣಿಗಳಿಗೇ ಸ್ವಂತ ನಕ್ಷೆಯ ಅಗತ್ಯ ಹೆಚ್ಚು ಎಂಬುದು ನಮ್ಮ ಅನುಭವ. ದೇಶದಲ್ಲಿ 6.55 ಕೋಟಿ ಜನ ಕೊಳಗೇರಿಗಳಲ್ಲಿದ್ದಾರೆ ಎಂದು 2011ರ ಜನಗಣತಿ ಹೇಳಿದ ಅಂಕಿಯಲ್ಲಿ ಇಂತಹ ಓಣಿಗಳು ಸೇರಿರುವ ಸಂಭವ ಕಡಿಮೆ.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಕಟ್ಟೆಯಿಂದ. ಮೊದಲ ದಿನ ಕಾಗದವಾಗಲಿ ಫೋನಾಗಲಿ ಬೇಡ. ಗುಡಿಯ ಮುಂದೆಯೋ ಅಂಗನವಾಡಿಯ ಅಂಗಳದಲ್ಲೋ ನೆಲವನ್ನು ಗುಡಿಸಿ, ಎಲ್ಲರಿಗೂ ಗೊತ್ತಿರುವ ಒಂದು ಗುರುತನ್ನು (ಬೇವಿನ ಮರ, ನೀರಿನ ಟಾಕಿ, ಹಿಟ್ಟಿನ ಗಿರಣಿ) ಕಲ್ಲಿಟ್ಟು ತೋರಿಸಿ, ಅಲ್ಲಿಂದ ರಂಗೋಲಿ ಎಳೆಯಲು ಯಾರಾದರೂ ಒಬ್ಬ ತಾಯಿಯನ್ನು ಕೇಳಿಕೊಳ್ಳಬೇಕು. ಎರಡು ಗೆರೆ ಎಳೆಯುವಷ್ಟರಲ್ಲಿ ಹಿಂದಿನಿಂದ ಒಬ್ಬರು “ಅಲ್ಲಲ್ರೀ ಅಕ್ಕಾರ, ಗಟಾರ ಈ ಕಡಿ ಬರತದ” ಎನ್ನುತ್ತಾರೆ, ತಕರಾರು ಶುರುವಾಗುತ್ತದೆ. ಆ ತಕರಾರನ್ನು ನಿಲ್ಲಿಸಬಾರದು. ಗಟಾರ ಯಾವ ಕಡೆ ಹರಿಯುತ್ತದೆ, ಯಾರ ಮನೆಯ ಮುಂದೆ ತುಂಬಿ ನಿಲ್ಲುತ್ತದೆ, ಹೋದ ವರ್ಷ ಅದನ್ನು ಮುಚ್ಚಿಸಿದವರು ಯಾರು ಎಂಬುದೆಲ್ಲ ಆಗಲೇ ಹೊರಬೀಳುವುದು.

ಹೊತ್ತನ್ನು ಗೊತ್ತುಮಾಡುವಾಗ ನಾವು ಒಮ್ಮೆ ಎಡವಿದ್ದೇವೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ ಕರೆದೆವು, ಬಂದವರೆಲ್ಲ ಗಂಡಸರು. ಅವರು ಬರೆಸಿದ ನಕ್ಷೆಯಲ್ಲಿ ಮೂರು ಚಹಾದ ಅಂಗಡಿ, ಎರಡು ಗುಡಿ, ಒಂದು ವಾಚನಾಲಯ ಇದ್ದವು. ಸಾರ್ವಜನಿಕ ಸಂಡಾಸ ಇರಲಿಲ್ಲ. ಮರುವಾರ ಮಧ್ಯಾಹ್ನ ಮೂರಕ್ಕೆ, ಮನೆಗೆಲಸಕ್ಕೆ ಹೋದವರು ತಿರುಗಿ ಬಂದು ಉಂಡು ಕುಳಿತ ಹೊತ್ತಿಗೆ ಹೋದೆವು. ಆಗ ಹೆಂಗಸರು ಮೊಟ್ಟಮೊದಲು ಇಟ್ಟ ಕಲ್ಲು ಸಂಡಾಸದ್ದು, ಎರಡನೆಯದು ಅದಕ್ಕೆ ಹೋಗುವ ದಾರಿಯಲ್ಲಿ ದೀಪವಿಲ್ಲದ ಕಂಬದ್ದು.

ಫೋನಿನ ಜಿಪಿಎಸ್ ಸಾಕಾಗುವುದಿಲ್ಲವೇ?

ಮನೆಗಳನ್ನು ಗುರುತಿಸಲು ಸಾಕಾಗುವುದಿಲ್ಲ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನು ಸುಮಾರು 5 ಮೀಟರಿನ ಒಳಗೆ ಜಾಗವನ್ನು ತೋರಿಸುತ್ತದೆ; ಇಕ್ಕಟ್ಟಿನ ಓಣಿಯಲ್ಲಿ ಗೋಡೆಗಳ ನಡುವೆ ತಪ್ಪು ಇನ್ನೂ ಹೆಚ್ಚುತ್ತದೆ. ಇಲ್ಲಿನ ಎಷ್ಟೋ ಮನೆಗಳ ಅಗಲ 10 ಅಡಿ, ಅಂದರೆ ಸುಮಾರು 3 ಮೀಟರು. ಬಾಗಿಲಲ್ಲಿ ನಿಂತು ತೆಗೆದ ಬಿಂದು ಪಕ್ಕದ ಮನೆಯಲ್ಲೋ ಅದರಾಚೆಯ ಮನೆಯಲ್ಲೋ ಬೀಳುವುದು ಸಹಜ. ನಮ್ಮ ಮೊದಲ ನಕ್ಷೆಯಲ್ಲಿ ಒಂದು ಸಾಲಿನ ಮನೆಗಳೆಲ್ಲ ನಾಲಾದ ನಡುನೀರಿನಲ್ಲಿ ನಿಂತಿದ್ದವು. ನೋಡಿದ ಓಣಿಯವರು ನಕ್ಕರು. ಆದರೆ ಅದೇ ಕಾಗದ ಅಧಿಕಾರಿಯ ಮೇಜಿಗೆ ಹೋಗಿದ್ದರೆ ‘ನಾಲಾ ಒತ್ತುವರಿ’ ಎಂಬ ಷರಾ ಬೀಳುತ್ತಿತ್ತು.

ಆದ್ದರಿಂದ ನಾವು ಉಪಗ್ರಹ ಚಿತ್ರವನ್ನು 1:500ರ ಪ್ರಮಾಣದಲ್ಲಿ ದೊಡ್ಡ ಹಾಳೆಯ ಮೇಲೆ ಮುದ್ರಿಸಿಕೊಂಡು, ಅದರ ಮೇಲೆ ಟೇಪಿನ ಅಳತೆಗಳನ್ನು ಕೈಯಿಂದ ತುಂಬುತ್ತೇವೆ. ಈ ಪ್ರಮಾಣದಲ್ಲಿ ಕಾಗದದ 1 ಸೆಂಟಿಮೀಟರು ನೆಲದ 5 ಮೀಟರಿಗೆ ಸಮ. 10 ಅಡಿಯ ಮನೆ 6 ಮಿಲಿಮೀಟರು ಅಗಲವಾಗಿ, ಒಳಗೆ ಒಂದು ಅಂಕಿ ಬರೆಯುವಷ್ಟು ಜಾಗದೊಂದಿಗೆ ಮೂಡುತ್ತದೆ. ಎ1 ಅಳತೆಯ ಒಂದು ಹಾಳೆಯಲ್ಲಿ ಸುಮಾರು 30 ಎಕರೆ ಹಿಡಿಸುವುದರಿಂದ ಹೆಚ್ಚಿನ ಓಣಿಗಳಿಗೆ ಒಂದೇ ಹಾಳೆ ಸಾಕು. ಆಮೇಲೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಗೆರೆಗಳನ್ನು ಎಳೆದುಕೊಳ್ಳಬಹುದು. ಜಿಪಿಎಸ್ ಉಪಯೋಗಕ್ಕೆ ಬರುವುದು ವಸತಿಯ ನಾಲ್ಕು ಮೂಲೆಗಳನ್ನು, ನೀರಿನ ಟಾಕಿಯಂತಹ ದೊಡ್ಡ ಗುರುತುಗಳನ್ನು ಹಿಡಿಯಲು.

ಡ್ರೋನ್ ಹಾರಿಸಬಹುದೇ?

2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಸುತ್ತಲಿನ ವಲಯದಲ್ಲಿ ಅನುಮತಿ ಬೇಕು, ಮತ್ತು ಹುಬ್ಬಳ್ಳಿಯ ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ. ಅನುಮತಿ ಸಿಕ್ಕರೂ ನಮ್ಮ ಸಲಹೆ ಬೇಡವೆಂದೇ. ಚಾವಣಿಯಿಲ್ಲದ ಬಚ್ಚಲಿನಲ್ಲಿ ಸ್ನಾನ ಮಾಡುವವರಿರುವ ಓಣಿಯ ಮೇಲೆ ಕ್ಯಾಮರಾ ಹಾರಿಸುವುದು ಸರಿಯಲ್ಲ.

ನಕ್ಷೆಯಲ್ಲಿ ಏನೇನು ಇರಬೇಕು?

ಮನೆಗಳ ಗಡಿ, ಓಣಿಯ ಅಗಲ, ನಳ, ಬೋರು, ಗಟಾರ, ಸಂಡಾಸ, ಕಂಬ, ಕಸದ ಜಾಗ, ಅಂಗನವಾಡಿ ಇವು ಎಲ್ಲ ಕಡೆಗೂ ಬೇಕಾದವು. ಅದರ ಮೇಲೆ ಹುಬ್ಬಳ್ಳಿಗೆ ವಿಶೇಷವಾಗಿ ಎರಡು ಸಂಗತಿಗಳನ್ನು ಬಿಡದೆ ಹಿಡಿಯಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಒಂದು, ಮಳೆನೀರಿನ ಮಟ್ಟ. ಧಾರವಾಡ ಎತ್ತರದಲ್ಲಿದೆ, ಹುಬ್ಬಳ್ಳಿ ಅದಕ್ಕಿಂತ ತಗ್ಗಿನಲ್ಲಿದೆ. ಉಣಕಲ್ ಕೆರೆಯಿಂದ ಹೊರಟ ನಾಲಾ ಊರಿನ ಹೊಲಸನ್ನೆಲ್ಲ ಹೊತ್ತು ವಸತಿಗಳ ನಡುವೆಯೇ ಹಾಯ್ದುಹೋಗುತ್ತದೆ. ಇಲ್ಲಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬಿ ನೀರನ್ನು ಇಂಗಗೊಡದೆ ನಿಲ್ಲಿಸುತ್ತದೆ, ಗೋಡೆಯನ್ನು ಸೀಳುತ್ತದೆ. ಯಾವ ಮನೆಯೊಳಗೆ ನೀರು ಎಲ್ಲಿಯವರೆಗೆ ಏರಿತ್ತು ಎಂಬುದಕ್ಕೆ ಗೋಡೆಯೇ ಸಾಕ್ಷಿ. ಒಬ್ಬ ಅಜ್ಜಿ ಜೋಳದ ಚೀಲ ಇಡುವ ಮೂಲೆಯಲ್ಲಿ ಸುಣ್ಣ ಬಣ್ಣಗೆಟ್ಟ ಗೆರೆಯನ್ನು ಉಗುರಿನಿಂದ ಕೆರೆದು ತೋರಿಸಿದರು. ಟೇಪು ಹಿಡಿದಾಗ ನೆಲದಿಂದ 22 ಅಂಗುಲ ಬಂತು. ಅಂತಹ ಗೆರೆಗಳನ್ನು ಇಪ್ಪತ್ತು ಮನೆಗಳಲ್ಲಿ ಅಳೆದು ನಕ್ಷೆಗೆ ಇಳಿಸಿದಾಗ, ನೀರು ನಾಲಾದಿಂದ ಉಕ್ಕಿ ಬರುತ್ತಿಲ್ಲ, ಮೇಲಿನ ರಸ್ತೆಯನ್ನು ಎತ್ತರಿಸಿದ್ದರಿಂದ ಅಲ್ಲಿಂದ ಇಳಿಯುತ್ತಿದೆ ಎಂಬುದು ಎಲ್ಲರಿಗೂ ಕಂಡಿತು. ಅಧಿಕಾರಿಗಳ ಮುಂದೆ ‘ಮಳೆಗಾಲದಲ್ಲಿ ಬಹಳ ತ್ರಾಸು’ ಎನ್ನುವುದಕ್ಕೂ ಈ ಹಾಳೆಯನ್ನು ಹರಡುವುದಕ್ಕೂ ವ್ಯತ್ಯಾಸವಿದೆ.

ಎರಡು, ನೀರಿನ ಸರದಿ. ಮಲಪ್ರಭೆಯ ನೀರು ಸವದತ್ತಿಯ ಜಲಾಶಯದಿಂದ ಅವಳಿ ನಗರಕ್ಕೆ ಬರುತ್ತದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಭಾಗಗಳಿಗೆ 2008ರ ಹೊತ್ತಿಗೇ ದಿನದ 24 ತಾಸು ನೀರು ಕೊಟ್ಟು ತೋರಿಸಲಾಯಿತು. ಆದರೆ ಅದೇ ಊರಿನಲ್ಲಿ ನಳಕ್ಕೆ ದಿನಬಿಟ್ಟು ದಿನವೂ ನೀರು ಬಾರದ ಓಣಿಗಳಿವೆ. ಯಾವ ನಳಕ್ಕೆ ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ, ಎಷ್ಟು ತಾಸು ನೀರು ಎಂಬುದನ್ನು ಒಂದು ತಿಂಗಳು ಬರೆದಿಟ್ಟು ನಕ್ಷೆಯ ಮೇಲೆ ಬಣ್ಣದಿಂದ ತೋರಿಸಿ. ನಳದ ಬಳಿಯ ಮನೆಯವರಲ್ಲಿ ಒಬ್ಬರು ಕ್ಯಾಲೆಂಡರಿನ ಚೌಕದೊಳಗೆ ಗುರುತು ಹಾಕಿದರೂ ಸಾಕು.

ಏನನ್ನು ಬರೆಯಬಾರದು?

ಈ ಪ್ರಶ್ನೆಯನ್ನು ನಮಗೆ ಮೊದಲು ಕೇಳಿದವರು ಸೆಟ್ಲಮೆಂಟ್ ಭಾಗದ ಒಬ್ಬ ಹಿರಿಯರು, ಮತ್ತು ಅವರು ಕೇಳಿದ್ದರಲ್ಲಿ ಇತಿಹಾಸವಿತ್ತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ದಾಖಲಿಸಿ, ಹುಬ್ಬಳ್ಳಿ, ಗದಗ-ಬೆಟಗೇರಿ ಮುಂತಾದ ಕಡೆ ಸೆಟ್ಲಮೆಂಟುಗಳಲ್ಲಿ ಇರಿಸಿ, ಹಾಜರಿ ತೆಗೆದುಕೊಳ್ಳುತ್ತಿದ್ದರು. ಕಾಯ್ದೆ 1952ರಲ್ಲಿ ರದ್ದಾಯಿತು. ಓಣಿಯ ಹೆಸರು ಹಾಗೆಯೇ ಉಳಿಯಿತು. ಯಾರು ಯಾವ ಮನೆಯಲ್ಲಿ ಮಲಗುತ್ತಾರೆ ಎಂಬ ಪಟ್ಟಿಯನ್ನು ಮೂರು ತಲೆಮಾರಿನ ಹಿಂದೆ ಯಾರು ಏಕೆ ಇಟ್ಟಿದ್ದರು ಎಂಬ ನೆನಪಿರುವವರಿಗೆ, ಮನೆಮನೆ ಬರೆದುಕೊಳ್ಳಲು ಬಂದವರ ಮೇಲೆ ಸಂಶಯ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ನಕ್ಷೆಯ ಮೇಲೆ ಮನೆಗಳಿಗೆ ಅಂಕಿಯನ್ನಷ್ಟೇ ಕೊಡಬೇಕು, ಹೆಸರು ಬೇಡ. ಅಂಕಿಗೆ ಯಾವ ಕುಟುಂಬ ಎಂಬ ಪಟ್ಟಿ ಬೇರೆ ವಹಿಯಲ್ಲಿ, ಓಣಿಯ ಸಮಿತಿಯ ಬಳಿ ಇರಬೇಕು. ಜಾತಿ, ಧರ್ಮ, ಕಾಯಿಲೆ, ಒಂಟಿಯಾಗಿ ವಾಸಿಸುವ ಹೆಂಗಸರ ಮನೆ, ವಲಸೆ ಬಂದವರ ಊರು ಇವನ್ನು ನಕ್ಷೆಯಲ್ಲಿ ತೋರಿಸಲೇಬಾರದು. ಆಧಾರ್ ಸಂಖ್ಯೆಯನ್ನಂತೂ ಕೇಳುವುದೇ ಬೇಡ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರ ಕಾಯ್ದೆ ಈಗ ಇದೆಯಾದರೂ, ಬರೆಯದೆ ಬಿಟ್ಟ ಮಾಹಿತಿ ಸೋರುವ ಪ್ರಶ್ನೆಯೇ ಬರುವುದಿಲ್ಲ.

ಇದೇ ನಕ್ಷೆ ಹಿಡಿದು ನಮ್ಮನ್ನು ಎಬ್ಬಿಸಿದರೆ?

ಈ ಭಯ ನಿರಾಧಾರವಲ್ಲ, ಮತ್ತು ‘ಹಾಗೇನೂ ಆಗುವುದಿಲ್ಲ’ ಎಂದು ಭರವಸೆ ಕೊಡುವವರನ್ನು ನಂಬಬೇಡಿ. ನಾಲಾದಂಚಿನ ಅಥವಾ ರಸ್ತೆ ಅಗಲೀಕರಣದ ಗೆರೆಯೊಳಗಿನ ಮನೆಗಳ ನಿಖರ ನಕ್ಷೆ ತೆರವಿಗೂ ಸಹಾಯಕವಾದೀತು. ಇನ್ನೊಂದು ಪಕ್ಕದ ಸಂಗತಿಯೂ ಇದೆ. ಮೇಲೆ ಹೇಳಿದ 1985ರ ತೀರ್ಪು ಜೀವನೋಪಾಯದ ಹಕ್ಕನ್ನು ಬದುಕುವ ಹಕ್ಕಿನ ಭಾಗವೆಂದು ಒಪ್ಪಿಯೂ ತೆರವನ್ನು ತಡೆಯಲಿಲ್ಲ; ಆದರೆ 1976ರ ಎಣಿಕೆಯಲ್ಲಿ ಸೇರಿ ಗುರುತಿನ ಚೀಟಿ ಪಡೆದವರಿಗೆ ಬದಲಿ ಜಾಗ ಕೊಡಬೇಕೆಂದು ಹೇಳಿತು. ಎಣಿಕೆಯಲ್ಲಿ ಇದ್ದವರಿಗೂ ಇಲ್ಲದವರಿಗೂ ಅಷ್ಟು ಅಂತರವಾಯಿತು. ಬರೆಯಬೇಕೇ ಬೇಡವೇ ಎಂಬುದನ್ನು ಈ ಎರಡನ್ನೂ ಎದುರಿಗಿಟ್ಟುಕೊಂಡು ಓಣಿಯ ಸಭೆಯೇ ತೀರ್ಮಾನಿಸಬೇಕು. ಎರಡು ಸಭೆಗಳ ನಂತರ ಬೇಡವೆಂದ ಒಂದು ಓಣಿಯಿಂದ ನಾವು ಹಾಳೆಗಳನ್ನು ಅವರ ಕೈಗೇ ಕೊಟ್ಟು ಬಂದಿದ್ದೇವೆ.

ರೈಲ್ವೆ ಜಮೀನಿನ ಮೇಲಿರುವವರು ಇನ್ನೂ ಎಚ್ಚರದಿಂದಿರಬೇಕು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲಿ ರೈಲ್ವೆಯ ಜಾಗ ಬಹಳವಿದೆ. ಅಲ್ಲಿ ತೆರವಿಗೆ ಕೇಂದ್ರದ 1971ರ ಸಾರ್ವಜನಿಕ ಆವರಣಗಳ ಕಾಯ್ದೆ ಅನ್ವಯಿಸುತ್ತದೆ. ಜಮೀನು ಯಾರದೆಂದು ಮೊದಲು ತಿಳಿದುಕೊಂಡು ಆಮೇಲೆ ಟೇಪು ಬಿಚ್ಚಿ.

ನಕ್ಷೆ ಮಾಡಿಸಿದರೆ ಹಕ್ಕುಪತ್ರ ಸಿಗುತ್ತದೆಯೇ?

ನಕ್ಷೆಯಿಂದಲೇ ಸಿಗುವುದಿಲ್ಲ. ಅದಕ್ಕೆ ಘೋಷಣೆ, ಜಮೀನಿನ ಒಡೆತನ, ಮಂಡಳಿಯ ಸಮೀಕ್ಷೆ ಇವೆಲ್ಲ ಬೇಕು. ಆದರೆ ಮಂಡಳಿಯವರು ಸಮೀಕ್ಷೆಗೆ ಬಂದಾಗ ಕೆಲಸಕ್ಕೆ ಹೋಗಿ ಬೀಗ ಹಾಕಿದ್ದ ಮನೆಗಳು ಪಟ್ಟಿಯಿಂದ ಬಿಟ್ಟುಹೋಗುವುದು ಸಾಮಾನ್ಯ. ಆಗ ಮೊದಲೇ ಬರೆದಿಟ್ಟ, ದಿನಾಂಕವಿರುವ, ನೆರೆಹೊರೆಯವರ ಸಹಿಯಿರುವ ನಕ್ಷೆ ಆಕ್ಷೇಪಣೆ ಸಲ್ಲಿಸಲು ಆಧಾರವಾಗುತ್ತದೆ.

ಬಾಡಿಗೆದಾರರನ್ನು ಸೇರಿಸಬೇಕೇ?

ಸೇರಿಸಬೇಕು. ಅತ್ಯಂತ ಹೆಚ್ಚು ಜಗಳವಾಗುವುದು ಇಲ್ಲಿಯೇ, ಏಕೆಂದರೆ ಬಾಡಿಗೆದಾರರ ಹೆಸರು ಬಂದರೆ ಮುಂದೆ ಮನೆ ಅವರಿಗೇ ಹೋದೀತು ಎಂದು ಮಾಲೀಕರು ಅಂಜುತ್ತಾರೆ. ಒಂದು ಗಡಿಯೊಳಗೆ ಎಷ್ಟು ಒಲೆ ಎಂಬುದನ್ನು ಬರೆದು, ಒಡೆತನದ ಮಾತನ್ನು ನಕ್ಷೆಯಿಂದ ಹೊರಗಿಡುವುದು ನಾವು ಕಂಡುಕೊಂಡ ದಾರಿ. ಸಂಡಾಸ ಎಷ್ಟು ಬೇಕು, ನಳ ಎಷ್ಟು ಬೇಕು ಎಂಬ ಲೆಕ್ಕ ಒಲೆಗಳ ಮೇಲೆ ನಿಂತಿರುತ್ತದೆಯೇ ಹೊರತು ಮಾಲೀಕರ ಮೇಲಲ್ಲ.

ಕಚೇರಿಗಳಲ್ಲಿ ಇದಕ್ಕೆ ಬೆಲೆಯಿದೆಯೇ?

ಕಾನೂನಿನ ದೃಷ್ಟಿಯಲ್ಲಿ ಇದು ಅಧಿಕೃತ ದಾಖಲೆಯಲ್ಲ. ಮನವಿಗೆ ಲಗತ್ತಿಸುವ ಪುರಾವೆ. ಆದರೂ ಇಂಜಿನಿಯರರು ಇದನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡಿದ್ದೇವೆ, ಏಕೆಂದರೆ ಅಷ್ಟು ವಿವರವಿರುವ ಹಾಳೆ ಅವರ ಬಳಿಯೂ ಇರುವುದಿಲ್ಲ. 1962ರಲ್ಲಿ ಸ್ಥಾಪನೆಯಾದ ಮಹಾನಗರ ಪಾಲಿಕೆಯ ವಾರ್ಡುಗಳು 67ರಿಂದ 82ಕ್ಕೆ ಏರಿದಾಗ ಗಡಿಗಳೂ ಬದಲಾದವು. ಒಂದು ಓಣಿಯ ಎಡಸಾಲು ಒಂದು ವಾರ್ಡಿಗೂ ಬಲಸಾಲು ಇನ್ನೊಂದಕ್ಕೂ ಸೇರಿದ್ದರೆ ಗಟಾರದ ದೂರನ್ನು ಇಬ್ಬರೂ ಆಚೆಯವರ ಕಡೆಗೆ ದಾಟಿಸುತ್ತಾರೆ. ವಾರ್ಡಿನ ಗಡಿಯನ್ನು ಕೆಂಪು ಗೆರೆಯಲ್ಲಿ ತೋರಿಸಿ. ಮನವಿಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟು, ಅದರ ಮೇಲೆ ಯಾವ ಕ್ರಮವಾಯಿತೆಂದು ಕೇಳಬಹುದು. 30 ದಿನಗಳಲ್ಲಿ ಉತ್ತರಿಸಬೇಕೆಂದು ಕಾಯ್ದೆ ಹೇಳುತ್ತದೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸಬಹುದೇ?

ಓಣಿ, ನಳ, ಸಾರ್ವಜನಿಕ ಸಂಡಾಸ, ಅಂಗನವಾಡಿಗಳನ್ನು ಏರಿಸಬಹುದು. ಆಂಬುಲೆನ್ಸ್ ಚಾಲಕನಿಗೆ ದಾರಿ ಸಿಕ್ಕರೆ ಒಳ್ಳೆಯದೇ. ಆದರೆ ಅದಕ್ಕೆ ಹಾಕಿದ್ದನ್ನು ಜಗತ್ತಿನ ಯಾರು ಬೇಕಾದರೂ ಬಳಸಬಹುದು ಎಂಬುದನ್ನು ಓಣಿಯವರಿಗೆ ಮೊದಲೇ ತಿಳಿಸಿರಬೇಕು. ಪ್ರತ್ಯೇಕ ಮನೆಗಳ ಗಡಿ ಅಲ್ಲಿಗೆ ಬೇಡ.

ಎಷ್ಟು ದಿನ, ಎಷ್ಟು ಖರ್ಚು?

ನೂರು ಮನೆಗಳ ಓಣಿಗೆ, ವಾರಕ್ಕೆ ಎರಡು ಮಧ್ಯಾಹ್ನಗಳಂತೆ, ಎರಡು ತಿಂಗಳು ಹಿಡಿಯುತ್ತದೆ. ಖರ್ಚು ಮುದ್ರಣ, ಟೇಪು, ಪೆನ್ಸಿಲು ಮತ್ತು ಚಹಾದ್ದು, ಚಹಾದ್ದೇ ಹೆಚ್ಚು.

ಸಿದ್ಧವಾದ ನಕ್ಷೆ ಎಲ್ಲಿರಬೇಕು?

ಮೂಲ ಪ್ರತಿ ಓಣಿಯಲ್ಲಿ, ನಕಲು ತಂಡದ ಬಳಿ, ಇದು ತಲೆಕೆಳಗಾಗಬಾರದು. ಮೊದಲ ಓಣಿಯಲ್ಲಿ ಕಾಗದದ ಪ್ರತಿಯನ್ನು ಒಬ್ಬರ ಟ್ರಂಕಿನಲ್ಲಿ ಇರಿಸಿದ್ದೆವು, ವರ್ಷದೊಳಗೆ ಗೆದ್ದಲು ಹಿಡಿಯಿತು. ಎರಡನೆಯ ಓಣಿಯವರು ಫ್ಲೆಕ್ಸಿನ ಮೇಲೆ ಮುದ್ರಿಸಿ ಅಂಗನವಾಡಿಯ ಗೋಡೆಗೆ ಹಾಕಿದರು. ಅದು ಬಾಳಿಕೆ ಬಂತು, ಆದರೆ ಫ್ಲೆಕ್ಸಿನ ಮೇಲೆ ಪೆನ್ಸಿಲು ಮೂಡುವುದಿಲ್ಲ. ಹೊಸ ಗೋಡೆ, ಮುಚ್ಚಿದ ಗಟಾರ, ಒಡೆದ ನಳ ಯಾವುದನ್ನೂ ಸೇರಿಸಲಾಗಲಿಲ್ಲ. ಈಗ ಅದರ ಮೇಲ್ಭಾಗಕ್ಕೆ ಟ್ರೇಸಿಂಗ್ ಹಾಳೆಯೊಂದನ್ನು ಕ್ಲಿಪ್ಪಿನಿಂದ ಸಿಕ್ಕಿಸಿ, ಪ್ರತಿ ವರ್ಷ ಮಿರಗದ ಮಳೆಗೆ ಹದಿನೈದು ದಿನ ಮುಂಚೆ ಓಣಿ ಸುತ್ತಿ ಬಂದು, ಆ ಹಾಳೆಯ ಮೇಲೆ ಬದಲಾವಣೆಗಳನ್ನು ಬರೆದು ತಾರೀಖು ಹಾಕುತ್ತಾರೆ. ಹಳೆಯ ಹಾಳೆಗಳನ್ನು ಸುರುಳಿ ಸುತ್ತಿ ಪಿವಿಸಿ ಪೈಪಿನ ತುಂಡಿನಲ್ಲಿ ತುಂಬಿ, ಎರಡೂ ಬಾಯಿಗೆ ಮುಚ್ಚಳ ಹಾಕಿ ಇಟ್ಟಿದ್ದಾರೆ.